ಸೇಡಂ–ಚಿತ್ತಾಪುರ ಸುಣ್ಣಕಲ್ಲು: ಖಣಿ ಹೊಂಡದ ನೀರು ಬೋರಿಗೆ ಹೋಗುತ್ತಿದೆಯೇ ಎಂದು ರೇಡಾನ್ ನೋಡಿ ಹೇಳಬಹುದೇ?

ಫರಸಿಪದರ:

ಎಲ್ಲರಿಗೂ ನಮಸ್ಕಾರ. ಭೂವಿಜ್ಞಾನ ಎಂ.ಎಸ್ಸಿ. ಪ್ರಾಜೆಕ್ಟಿಗೆ ಸಲಹೆ ಬೇಕು. ಜಾಗ ಕಲಬುರಗಿ ಜಿಲ್ಲೆಯಲ್ಲಿ, ಸೇಡಂ–ಚಿತ್ತಾಪುರದ ನಡುವೆ, ಕಾಗಿಣಾ ನದಿಯ ದಂಡೆಗೆ ಹತ್ತಿರ. ಮೇಲೆ ಎರೆ ಮಣ್ಣು, ಅದರಡಿ ಶಹಾಬಾದ್ ಸುಣ್ಣಕಲ್ಲು, ಪದರಗಳು ಹೆಚ್ಚುಕಡಿಮೆ ಅಡ್ಡಲಾಗಿ ಮಲಗಿವೆ. ಕೆಲಸ ನಿಂತ ಒಂದು ಫರಸಿ ಖಣಿಯಲ್ಲಿ ಮಳೆಗಾಲದಿಂದ ಬೇಸಿಗೆಯ ನಡುವಿನವರೆಗೆ ನೀರು ನಿಂತಿರುತ್ತದೆ. ಅದರ ಇಳಿಜಾರಿನಲ್ಲಿ ಸುಮಾರು 150 ಮೀಟರಿನಿಂದ 900 ಮೀಟರ್ ದೂರದೊಳಗೆ ಬೋರ್‌ವೆಲ್‌ಗಳು, ಎರಡು ತೆರೆದ ಬಾವಿ, ನದಿ ದಂಡೆಯಲ್ಲಿ ಒಂದು ಒರತೆ ಇವೆ.

ಖಣಿಯ ನೀರು ಬೋರುಗಳಿಗೆ ತಲುಪುತ್ತಿದೆಯೇ, ತಲುಪಿದರೆ ಎಷ್ಟು ದಿನದಲ್ಲಿ ಎಂಬುದು ಪ್ರಶ್ನೆ. ರೇಡಾನ್ (ಕಲ್ಲು, ಮಣ್ಣಿನಿಂದ ಹುಟ್ಟಿ ನೀರಿಗೆ ಸೇರುವ ವಿಕಿರಣಶೀಲ ಅನಿಲ) ಅಳೆಯುವ ರಾಡ್7 ಉಪಕರಣ, ಅದರ ನೀರಿನ ಕಿಟ್ ಸಮೇತ, ಎರವಲು ಸಿಗುತ್ತದೆ. ನೀರಿನ ವಯಸ್ಸು ತಿಳಿಯಲು ನೋಡುವ ಅನಿಲಗಳಾದ ಸಿಎಫ್‌ಸಿ (ಕ್ಲೋರೋಫ್ಲೋರೋಕಾರ್ಬನ್) ಅಥವಾ ಎಸ್‌ಎಫ್6ಗೆ (ಸಲ್ಫರ್ ಹೆಕ್ಸಾಫ್ಲೋರೈಡ್) ನಾಲ್ಕೈದು ಮಾದರಿ ಕಳಿಸುವಷ್ಟು ಹಣ ಇದೆ. ರೇಡಾನ್ ಸಾಕೇ? ಮಾದರಿ ತೆಗೆಯುವಾಗ ಎಲ್ಲಿ ಎಡವುತ್ತಾರೆ? ಆ ನಾಲ್ಕೈದು ಮಾದರಿ ಯಾವುದಕ್ಕೆ ಖರ್ಚು ಮಾಡಲಿ?

ಬಬ್ಲರ್:

ಹೇಳಬಹುದು, ಆದರೆ ರೇಡಾನ್ ಒಂದನ್ನೇ ನಂಬಿ ಅಲ್ಲ. ಸುಣ್ಣಕಲ್ಲಿನಲ್ಲಿ ರೇಡಾನ್ ಕಡಿಮೆ ಬಂದರೆ ಅದಕ್ಕೆ ಮೂರು ಕಾರಣ ಇರಬಹುದು. ನೀರು ನೆಲದೊಳಗೆ ಹೊಕ್ಕು ಕೆಲವೇ ದಿನ ಆಗಿರಬಹುದು. ಹಳೆಯ ನೀರೇ ಅಗಲವಾದ ಸೀಳಿನಲ್ಲಿ ಹರಿದು ಬರುತ್ತಿರಬಹುದು. ಅಥವಾ ದಾರಿಯಲ್ಲೋ ಪಂಪಿನಲ್ಲೋ ನಿಮ್ಮ ಬಾಟಲಿಯಲ್ಲೋ ಅನಿಲ ಹಾರಿಹೋಗಿರಬಹುದು. ಮೊದಲನೆಯದನ್ನು ಹೇಳಬೇಕಾದರೆ ಉಳಿದೆರಡು ಅಲ್ಲ ಎಂದು ತೋರಿಸಬೇಕು. ಪ್ರಾಜೆಕ್ಟಿನ ಮುಕ್ಕಾಲು ಕೆಲಸ ಅದೇ.

ಲೆಕ್ಕ ಸರಳ. ರೇಡಾನ್-222ರ ಅರ್ಧಾಯು 3.82 ದಿನ. ಬಿಸಿಲು, ಗಾಳಿಗೆ ತೆರೆದುಕೊಂಡ ಹೊಂಡದ ನೀರಿನಲ್ಲಿ ಅದು ಸೊನ್ನೆಗೆ ಹತ್ತಿರ. ಆ ನೀರು ಕಲ್ಲಿನೊಳಗೆ ಹೊಕ್ಕ ಮೇಲೆ ಕಲ್ಲು ಮತ್ತು ಸಂದಿನ ಜೇಡಿಯಲ್ಲಿರುವ ರೇಡಿಯಂ-226ರಿಂದ ರೇಡಾನ್ ಸೇರುತ್ತಾ ಹೋಗಿ, ಮೂರು–ಮೂರೂವರೆ ವಾರಕ್ಕೆ ಸಮತೋಲಕ್ಕೆ (ಸೇರುವಷ್ಟೇ ಕೊಳೆಯುವ ಸ್ಥಿತಿಗೆ) ಬಂದು ನಿಲ್ಲುತ್ತದೆ.

ದಿನಗಳು = −5.52 × ಸಹಜ ಲಾಗ್ (1 − ಅಳತೆ ÷ ಸಮತೋಲ ಮೌಲ್ಯ)

ಅನುಪಾತ 0.3 ಇದ್ದರೆ 2 ದಿನ, 0.5ಕ್ಕೆ 3.8 ದಿನ, 0.8ಕ್ಕೆ 8.9 ದಿನ, 0.9ಕ್ಕೆ 12.7 ದಿನ. ಅಲ್ಲಿಂದ ಮೇಲೆ ವಕ್ರರೇಖೆ ಚಪ್ಪಟೆ: 0.95ಕ್ಕೆ 16.5 ದಿನ ಬರುತ್ತದೆ, ಆದರೆ ಅಳತೆಯ ದೋಷವೇ 5% ಇರುವಾಗ ಆ ಅಂಕಿಗೆ ಅರ್ಥವಿಲ್ಲ. ಎರಡು ವಾರ ಮೀರಿದ್ದಕ್ಕೆಲ್ಲ "15 ದಿನಕ್ಕಿಂತ ಹೆಚ್ಚು" ಎಂದಷ್ಟೇ ಬರೆಯಿರಿ.

ಹೆಚ್ಚಿನವರು ಮರೆಯುವುದು ಬೆರಕೆಯನ್ನು. ಬೋರಿನಲ್ಲಿ ಬರುವುದು ಖಣಿಯ ನೀರಷ್ಟೇ ಅಲ್ಲ, ಆಳದ ಹಳೆಯ ನೀರೂ ಸೇರಿರುತ್ತದೆ. ಉದಾಹರಣೆಗೆ ಸಮತೋಲ ಮೌಲ್ಯ ಲೀಟರಿಗೆ 20 ಬೆಕರೆಲ್ (ವಿಕಿರಣಶೀಲತೆಯ ಮಾನ), ಅಳತೆ 14 ಎಂದಿಟ್ಟುಕೊಳ್ಳಿ. ನೇರವಾಗಿ ಸೂತ್ರಕ್ಕೆ ಹಾಕಿದರೆ 6.6 ದಿನ. ಆದರೆ ಕ್ಲೋರೈಡ್‌ನಿಂದಲೋ ಆಕ್ಸಿಜನ್-18ರಿಂದಲೋ (ಆಕ್ಸಿಜನ್ನಿನ ಭಾರವಾದ ಐಸೊಟೋಪ್) ಅರ್ಧ ಪಾಲು ಖಣಿಯದ್ದು ಎಂದು ಗೊತ್ತಾದರೆ, ಹಳೆಯ ಅರ್ಧದ ಕೊಡುಗೆ 10 ಕಳೆದು ಉಳಿದ 4ನ್ನು 0.5ರಿಂದ ಭಾಗಿಸಿ: ಖಣಿಯ ಪಾಲಿನ ರೇಡಾನ್ 8, ಅನುಪಾತ 0.4, ಅಂದರೆ 2.8 ದಿನ. ಪಾಲಿನ ಅಂದಾಜು 0.4 ಆದರೆ 1.6 ದಿನ, 0.6 ಆದರೆ 3.8 ದಿನ. ಹಾಗಾಗಿ ಪಾಲಿನ ದೋಷವನ್ನೂ ದಿನಗಳ ದೋಷಕ್ಕೆ ಸೇರಿಸಲೇಬೇಕು. ಖಣಿಯ ನೀರು ಆವಿಯಾಗಿ ಆಗಿ ಆಕ್ಸಿಜನ್-18, ಡ್ಯೂಟೀರಿಯಂ (ಭಾರ ಹೈಡ್ರೋಜನ್) ಎರಡೂ ಮಳೆನೀರಿನ ರೇಖೆಯಿಂದ (ಮಳೆನೀರಿನಲ್ಲಿ ಇವೆರಡರ ಸಂಬಂಧ ತೋರಿಸುವ ಗೆರೆ) ಬದಿಗೆ ಸರಿದಿರುತ್ತವೆ. ಪಾಲು ತಿಳಿಯಲು ನಿಮಗೆ ಅದಕ್ಕಿಂತ ಒಳ್ಳೆಯ ಗುರುತು ಸಿಗಲಿಕ್ಕಿಲ್ಲ, ಪರೀಕ್ಷೆಯ ಖರ್ಚೂ ಕಡಿಮೆ.

ಇನ್ನು ಬಾಟಲಿ ತುಂಬುವ ವಿಧಾನ.

250 ಮಿ.ಲೀ. ಗಾಜಿನ ಬಾಟಲಿ. ಪ್ಲಾಸ್ಟಿಕ್ ಬೇಡ, ಅದರ ಗೋಡೆ ರೇಡಾನನ್ನು ಹೀರುತ್ತದೆ, ಹೊರಗೂ ಬಿಡುತ್ತದೆ. ಬಕೆಟ್ಟಿನ ತಳದಲ್ಲಿ ಬಾಟಲಿ ನಿಲ್ಲಿಸಿ, ನಳಿಕೆಯ ತುದಿ ಬಾಟಲಿಯ ತಳ ಮುಟ್ಟುವಂತೆ ಇಳಿಸಿ, ನಿಧಾನವಾಗಿ ಬಿಡಿ. ಬಾಟಲಿ ತುಂಬಿ ಉಕ್ಕಿ, ಬಕೆಟ್ ತುಂಬಿ ಬಾಟಲಿ ಮುಳುಗಲಿ. ಕನಿಷ್ಠ ಮೂರು ಬಾಟಲಿಯಷ್ಟು ನೀರು ಉಕ್ಕಿ ಹೋದ ಮೇಲೆ ನೀರಿನೊಳಗೇ ಮುಚ್ಚಳ ಹಾಕಿ. ತಲೆಕೆಳಗು ಮಾಡಿ ನೋಡಿ, ಗುಳ್ಳೆ ಕಂಡರೆ ಚೆಲ್ಲಿ ಮತ್ತೆ ತುಂಬಿ. ಬಿಸಿ ನೀರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು: 20 ಡಿಗ್ರಿಯಲ್ಲಿ ನೀರು ಮತ್ತು ಗಾಳಿಯ ನಡುವೆ ರೇಡಾನ್ ಹಂಚಿಕೆ 0.25, 30 ಡಿಗ್ರಿಯಲ್ಲಿ 0.2ಕ್ಕೂ ತುಸು ಕಡಿಮೆ. ಕಲಬುರಗಿಯ ಬೇಸಿಗೆಯಲ್ಲಿ ಒಂದು ಚಿಕ್ಕ ಗುಳ್ಳೆ ಬಾಟಲಿಯಿಂದ ಕದಿಯುವುದು ಕಡಿಮೆಯೇನಲ್ಲ.

ಗಡಿಯಾರ ನೋಡಿ ನಿಮಿಷ ಸಮೇತ ಬರೆದುಕೊಳ್ಳಿ. 24 ಗಂಟೆ ತಡವಾದರೆ 1.20ರಿಂದ, 48 ಗಂಟೆಗೆ 1.44ರಿಂದ ಗುಣಿಸಬೇಕು. ಅದಕ್ಕಿಂತ ತಡ ಮಾಡಬೇಡಿ.

ಉಪಕರಣದಲ್ಲಿ 250 ಮಿ.ಲೀ. ಪ್ರೋಟೋಕಾಲ್ ಹಾಕಿದರೆ 5 ನಿಮಿಷ ಗಾಳಿ ಹಾಯಿಸುತ್ತದೆ, 5 ನಿಮಿಷ ಕಾಯುತ್ತದೆ, ತಲಾ 5 ನಿಮಿಷದ ನಾಲ್ಕು ಎಣಿಕೆ ಕೊಡುತ್ತದೆ. ಶುರುವಿಗೆ ಮುಂಚೆ ಒಳಗಿನ ತೇವ 10%ಕ್ಕಿಂತ ಕೆಳಗೆ ಬರುವವರೆಗೆ ಒಣಗಿಸಿ. ತೇವ ಜಾಸ್ತಿಯಿದ್ದರೆ ರೇಡಾನ್ ಕೊಳೆತು ಹುಟ್ಟುವ ಪೊಲೋನಿಯಂ-218 ಅಯಾನುಗಳು ಡಿಟೆಕ್ಟರ್ ಮುಟ್ಟುವ ಮೊದಲೇ ಆವೇಶ ಕಳೆದುಕೊಂಡು ಎಣಿಕೆ ತಗ್ಗುತ್ತದೆ, ಉಪಕರಣ ಮಾತ್ರ ಏನೂ ಆಗದವರಂತೆ ಅಂಕಿ ಮುದ್ರಿಸುತ್ತದೆ. ಒಣಗಿಸುವ ನೀಲಿ ಹರಳು ಗುಲಾಬಿಯಾದರೆ ಬದಲಿಸಿ. ತೆಳುವಾಗಿ ಹರಡಿ 200 ಡಿಗ್ರಿ ಆಸುಪಾಸಿನಲ್ಲಿ ಒಂದು ಗಂಟೆ ಕಾಯಿಸಿದರೆ ಮತ್ತೆ ನೀಲಿಯಾಗುತ್ತದೆ, ಆದರೆ ಆ ಬಣ್ಣ ಕೋಬಾಲ್ಟ್ ಕ್ಲೋರೈಡ್‌ನದು. ಅಡುಗೆಮನೆಯ ಓವನ್ನಿನಲ್ಲಿ ಕಾಯಿಸಬೇಡಿ.

ಮೊದಲು ಖಣಿಯ ನೀರು, ಆಮೇಲೆ ಬೋರುಗಳನ್ನು ಅಳೆಯಿರಿ. ಹೆಚ್ಚು ರೇಡಾನಿನ ಮಾದರಿ ಮುಂದೆ ಬಂದರೆ ಅದರ ಸಂತತಿ ಸೀಸ-214, ಬಿಸ್ಮತ್-214 ಮೂರು ಗಂಟೆಯವರೆಗೆ ಒಳಗೇ ಉಳಿದಿರುತ್ತವೆ. ಪೊಲೋನಿಯಂ-218 ಕಿಂಡಿಯನ್ನಷ್ಟೇ (ಅದರ ಶಕ್ತಿಯ ಎಣಿಕೆಗಳನ್ನಷ್ಟೇ) ಎಣಿಸಿದರೆ ತೊಂದರೆ ಕಡಿಮೆ. ಆದರೂ ಎರಡು ಮಾದರಿಗಳ ನಡುವೆ ಕನಿಷ್ಠ ಹತ್ತು ನಿಮಿಷ ಒಣಗಾಳಿ ಹಾಯಿಸಿ.

ರಾಡ್7 ಕೊನೆ ಗಳಿಗೆಯಲ್ಲಿ ಕೈಕೊಟ್ಟರೆ ಗಾಬರಿ ಬೇಡ. ಗಾಜಿನ ಬಬ್ಲರ್ ಮತ್ತು ನಿರ್ವಾತ ಮಾಡಿದ ಸಿಂಟಿಲೇಶನ್ ಸೆಲ್ (ವಿಕಿರಣ ತಾಗಿದಾಗ ಮಿನುಗುವ ಲೇಪನದ ಡಬ್ಬಿ) ಹಿಡಿದು ಮಾಡುವ ಹಳೆಯ ಎಮನೋಮೆಟ್ರಿಯೂ ಸಾಕು. ಸೆಲ್ಲಿಗೆ ಅನಿಲ ಎಳೆದ ಮೇಲೆ 180 ನಿಮಿಷ ಬಿಟ್ಟು ಎಣಿಸಬೇಕು. ಭಾಭಾ ಅಣು ಸಂಶೋಧನಾ ಕೇಂದ್ರದವರು ರೂಪಿಸಿದ ಸ್ಮಾರ್ಟ್ ಆರ್‌ಎನ್‌ಡ್ಯುಯೊ ಎಂಬ ರೇಡಾನ್ ಮಾಪಕ ಸಿಕ್ಕರೂ ಕೆಲಸ ಆಗುತ್ತದೆ.

ಕಾಗಿಣಾದಂಡೆ:

ಮ್ಯಾಲಿನವರು ಹೇಳಿದ್ದು ಖರೆ ಅದ. ಆದ್ರ ಬಾಟ್ಲಿಗೆ ಬರೋಕ್ಕಿಂತ ಮೊದಲ ಬೋರ್ ಎಂಥಾದು ಅಂತ ನೋಡ್ರಿ.

ನಮ್ಮ ಕಡೆ ನೀರು ಕಡಿಮಿ ಇದ್ದ ಬೋರಿಗೆ ಕಂಪ್ರೆಸರ್ ಕೂಡಿಸಿರ್ತಾರ. ಕೆಳಗ ಗಾಳಿ ಬಿಟ್ಟು ನೀರು ಮ್ಯಾಲೆ ಎತ್ತೋದು. ಅದರಾಗಿಂದ ಮಾದರಿ ತಗೊಳ್ಳೋದು ಸೋಡಾ ಬಾಟ್ಲಿ ಅಲ್ಲಾಡಿಸಿ ತೆಗೆದು ಅದರಾಗಿನ ಗ್ಯಾಸ್ ಅಳದಂಗ. ರೇಡಾನ್ ಹೋಗಿರ್ತದ, ಕಾರ್ಬನ್ ಡೈಆಕ್ಸೈಡ್ ಹೋಗಿರ್ತದ, ಸಿಎಫ್‌ಸಿ, ಎಸ್‌ಎಫ್6 ಅಂತೂ ಇವತ್ತಿನ ಗಾಳಿದೇ ಬರ್ತದ. ಅಂಥ ಬೋರ್ ಪಟ್ಟಿಯಿಂದ ತೆಗೆದು ಹಾಕ್ರಿ. ಸಬ್‌ಮರ್ಸಿಬಲ್ ಇದ್ದದ್ದಷ್ಟೇ ಇಟ್ಕೋರಿ. ಅದರಾಗೂ ನೀರಿನ ಮಟ್ಟ ಪಂಪಿನ ತನಕ ಇಳಿದು ಬುಸ್ ಬುಸ್ ಅಂತ ಗಾಳಿ ಕೂಡಿ ಬರೋ ಬೋರ್ ಬ್ಯಾಡ. ಇಂಡಿಯಾ ಮಾರ್ಕ್-2 ಹ್ಯಾಂಡ್‌ಪಂಪಿನಾಗ ಮ್ಯಾಲಿನ ತೊಟ್ಟಿಯೊಳಗ ನೀರು ಗಾಳಿ ಮುಟ್ಟಿ ಸೊಂಡಿಗೆ ಬರ್ತದ, ಹಂಗಾಗಿ ಅದರ ರೇಡಾನ್ "ಇಷ್ಟಂತೂ ಅದ" ಅಂತ ಕನಿಷ್ಠ ಲೆಕ್ಕಕ್ಕ ಮಾತ್ರ. ತೆರೆದ ಬಾವಿ ಎರಡೂ ರೇಡಾನಿಗೆ ಉಪಯೋಗ ಇಲ್ಲ, ನೀರಿನ ಮಟ್ಟಕ್ಕ ಮತ್ತ ಐಸೊಟೋಪಿಗೆ ಇಟ್ಕೋರಿ. ಒಂದ್ ಮಾತು: ಹಳೆ ಬಾವಿಯೊಳಗ ಇಳಿಬ್ಯಾಡ್ರಿ. ಎರೆ ಮಣ್ಣು, ಸುಣ್ಣಕಲ್ಲು ಇದ್ದಲ್ಲಿ ಬಾವಿ ತಳದಾಗ ಕಾರ್ಬನ್ ಡೈಆಕ್ಸೈಡ್ ಕೂತಿರ್ತದ.

ಪಂಪ್ ಎಷ್ಟೊತ್ತು ಬಿಡಬೇಕು ಅನ್ನೋದಕ್ಕ ಲೆಕ್ಕ ಮಾಡ್ರಿ. ಆರೂವರೆ ಇಂಚಿನ ಬೋರಿಗೆ ಮೀಟರಿಗೆ 21 ಲೀಟರ್ ಮ್ಯಾಲ ನೀರು ಹಿಡಿತದ. 60 ಮೀಟರ್ ನೀರು ನಿಂತಿದ್ರ 1,280 ಲೀಟರ್. ಮೂರು ಪಟ್ಟು ಅಂದ್ರ 3,850. ಸೆಕೆಂಡಿಗೆ ಒಂದೂವರೆ ಲೀಟರ್ ಬರೋ ಪಂಪಿಗೆ 43 ನಿಮಿಷ. ಪಟ್ಟು ಲೆಕ್ಕಕ್ಕಿಂತ ಇಸಿ (ನೀರಿನ ವಿದ್ಯುತ್ ವಾಹಕತೆ), ಉಷ್ಣತೆ, ಕರಗಿದ ಆಕ್ಸಿಜನ್ ಮೂರೂ ಹತ್ತು ನಿಮಿಷ ಅಲ್ಲಾಡದೆ ನಿಂತ ಮ್ಯಾಲ ತಗೊಳ್ಳೋದು ಚೊಲೊ. ತ್ರೀ ಫೇಸ್ ಕರೆಂಟ್ ಬರೋ ಹೊತ್ತು ರೈತರನ್ನ ಮೊದಲ ಕೇಳಿ ಇಟ್ಕೋರಿ. ಆಟೋ ಸ್ಟಾರ್ಟರ್ ಇದ್ದಲ್ಲಿ ಕರೆಂಟ್ ಬಂದ ಕೂಡ್ಲೆ ಸುತ್ತಲಿನ ಎಲ್ಲಾ ಬೋರ್ ಒಮ್ಮೆಲೆ ಚಾಲೂ ಆಗ್ತಾವ. ಆವಾಗ ನಿಮ್ಮ ಬೋರಿಗೆ ನೀರು ಬರೋ ದಿಕ್ಕೇ ಬ್ಯಾರೆ ಇರಬಹುದು. ದಿನಾ ಕರೆಂಟ್ ಬಂದ ಮ್ಯಾಲ ಅಷ್ಟೇ ಹೊತ್ತಿಗೆ ತಗೊಂಡ್ರ ಒಂದಕ್ಕೊಂದು ಹೋಲಿಸಬಹುದು.

ಬೋರ್ ಹೊಡೆದವರ ಹತ್ರ ಎಷ್ಟು ಫೂಟಿಗೆ ಗ್ಯಾಪ್ ಸಿಕ್ತು, ಎಲ್ಲಿ ಸೆಲೆ ಬಿತ್ತು, ಕೇಸಿಂಗ್ ಎಷ್ಟು ಅಂತ ಕೇಳ್ರಿ. ಶಹಾಬಾದ್ ಕಲ್ಲಿನಾಗ ನೀರು ಅಡ್ಡ ಪದರದ ಸಂದಿನಾಗ ಓಡ್ತದ. ಒಂದ ಬೋರಿನಾಗ ಮ್ಯಾಲಿನ ಸಂದು ಒಂದು, ಕೆಳಗಿನದು ಒಂದು ಇದ್ರ ನಿಮಗೆ ಬರೋದು ಎರಡರ ಕಲಬೆರಕೆ. ಇನ್ನೊಂದು, ನಿಮ್ಮ ಜಾಗದ ಬೋರ್ ಸುಣ್ಣಕಲ್ಲು ದಾಟಿ ಕೆಳಗಿನ ಶೇಲ್, ಮರಳುಗಲ್ಲಿಗೆ ಇಲ್ಲಾ ಗ್ರಾನೈಟಿಗೆ ಹೋಗಿದ್ರ ರೇಡಾನ್ ಜಾಸ್ತಿ ಬರ್ತದ, ಅದು ಸುಣ್ಣಕಲ್ಲಿಂದು ಅಲ್ಲ. ಭೀಮಾ ಜಲಾನಯನದ ಕಲ್ಲಿಗೆ ಇದು ಸಣ್ಣ ವಿಷಯ ಅಲ್ಲ. ಯಾದಗಿರಿ ಜಿಲ್ಲೆ ಗೋಗಿ ಕಡೆ ಭೂಪದರ ಮುರಿದ ಸೀಳಿನ ಗುಂಟ ಸುಣ್ಣಕಲ್ಲಿನಾಗೂ ಗ್ರಾನೈಟಿನಾಗೂ ಯುರೇನಿಯಂ ಅದ. ಅದೇ ಜಲಾನಯನ ಅಂತ ಗೋಗಿ ಕಡೆ ಅಂಕಿ ತಂದು ಸೇಡಂಗ ಹಚ್ಚಬ್ಯಾಡ್ರಿ, ಇಲ್ಲಿಂದು ಅಲ್ಲಿಗೂ ಹಚ್ಚಬ್ಯಾಡ್ರಿ.

ಟೈಮ್ ಇದ್ರ ಹೊಳೆಯಾಗೂ ಒಂದು ಸುತ್ತು ಹಾಕ್ರಿ. ಫೆಬ್ರುವರಿ ಹೊತ್ತಿಗೆ ಕಾಗಿಣಾದಾಗ ಮಳಿ ನೀರು ಇರೋದಿಲ್ಲ. ಅರ್ಧರ್ಧ ಕಿಲೋಮೀಟರಿಗೆ ಒಂದು ಬಾಟ್ಲಿ, ಹರಿಯೋ ನೀರಿನ ನಡುವಿಂದ, ತಳಕ್ಕ ಹತ್ರ. ರೇಡಾನ್ ಒಮ್ಮೆಲೆ ಏರಿದ ಜಾಗದಾಗ ಕಲ್ಲಿಂದ ನೀರು ಹೊಳೆಗೆ ಬರ್ತದ ಅಂತ ಅರ್ಥ. ಬಾಂದಾರ ಹಿಂದ ನಿಂತ ನೀರಿನಾಗ ತಗೊಂಡ್ರ ಏನೂ ಸಿಗೋದಿಲ್ಲ, ಅಲ್ಲಿ ರೇಡಾನ್ ಗಾಳಿಗೆ ಹೋಗಿ, ಉಳಿದದ್ದು ಕೊಳೆತು ಮುಗಿದಿರ್ತದ.

ಫರಸಿಪದರ:

ಇಬ್ಬರಿಗೂ ಧನ್ಯವಾದ. ಕಂಪ್ರೆಸರ್ ಬೋರುಗಳನ್ನು ಬಿಟ್ಟರೆ ಏಳು ಉಳಿಯುತ್ತವೆ. ಬಬ್ಲರ್ ಅವರೇ, ಆ ಸಮತೋಲ ಮೌಲ್ಯ ಎಲ್ಲಿಂದ ತರಲಿ? ಮೇ ಕೊನೆಯಲ್ಲಿ ಖಣಿ ಬತ್ತಿದಾಗ ಅದೇ ಬೋರಿನ ಅಳತೆಯನ್ನು ಸಮತೋಲ ಎಂದುಕೊಂಡರೆ ಆಗುವುದೇ?

ಬಬ್ಲರ್:

ಆಗುತ್ತದೆ, ಅದೇ ಎಲ್ಲಕ್ಕಿಂತ ಸುಲಭದ ದಾರಿ. ಖಣಿ ಬತ್ತಿ ಕನಿಷ್ಠ ನಾಲ್ಕು ವಾರ ಕಳೆದಿರಲಿ. ಜೊತೆಗೆ ಪ್ರಯೋಗಾಲಯದಲ್ಲೂ ಒಂದು ಪರಿಶೀಲನೆ ಇಟ್ಟುಕೊಳ್ಳಿ: ಸಂದಿನ ಜೇಡಿ ಮತ್ತು ಕಲ್ಲಿನ ಚೂರು, ಬೋರಿನದೇ ನೀರು, ಗುಳ್ಳೆಯಿಲ್ಲದೆ ಮುಚ್ಚಿದ ಗಾಜಿನ ಜಾಡಿಯಲ್ಲಿ ನಾಲ್ಕು ವಾರ. ಇನ್ನೊಂದು ಬಾಟಲಿಯಲ್ಲಿ ಬರೀ ನೀರು, ಅಷ್ಟೇ ದಿನ. ಎರಡನೆಯದರಲ್ಲಿ ಉಳಿದ ರೇಡಾನ್ ನೀರಿನಲ್ಲೇ ಕರಗಿದ ರೇಡಿಯಂನಿಂದ ಬಂದದ್ದು, ಅದನ್ನು ಎಲ್ಲ ಅಳತೆಗಳಿಂದ ಕಳೆಯಬೇಕು. ಸಾಮಾನ್ಯವಾಗಿ ತೀರಾ ಕಡಿಮೆ ಇರುತ್ತದೆ, ಆದರೆ ನೋಡದೆ ಸೊನ್ನೆ ಎಂದು ಬರೆಯಬೇಡಿ.

ಒರತೆ:

ಮೇ ಅಳತೆಯ ವಿಷಯದಲ್ಲಿ ನನ್ನ ಒಪ್ಪಿಗೆ ಅರ್ಧ ಮಾತ್ರ. ಮೇ ತಿಂಗಳಲ್ಲಿ ನೀರಿನ ಮಟ್ಟ ಇಳಿದು ಮೇಲಿನ ಪದರದ ಸಂದು ಒಣಗಿರುತ್ತದೆ. ಆಗ ಬೋರಿಗೆ ಬರುವುದು ಕೆಳಗಿನ, ಬಹುಶಃ ಇನ್ನೂ ಕಿರಿದಾದ ಸಂದಿನ ನೀರು. ಸೀಳಿನ ಅಗಲ ಅರ್ಧವಾದರೆ ಪ್ರತಿ ಲೀಟರಿಗೆ ಸಿಗುವ ಗೋಡೆ ಎರಡು ಪಟ್ಟಾಗುತ್ತದೆ, ಸಮತೋಲ ರೇಡಾನೂ ಹೆಚ್ಚುಕಡಿಮೆ ಎರಡು ಪಟ್ಟು. ಮೇ ತಿಂಗಳ ಆ ದೊಡ್ಡ ಅಂಕಿಯನ್ನು ಆಗಸ್ಟಿನ ಮೇಲಿನ ಸಂದಿಗೆ ಹಚ್ಚಿದರೆ ಮಳೆಗಾಲದ ನೀರೆಲ್ಲ ಇಲ್ಲದ ಯೌವನ ಪಡೆಯುತ್ತದೆ. ಗೋಡೆಗೆ ಜೇಡಿ ಮೆತ್ತಿದ್ದರೆ ಇನ್ನೊಂದು ಗೊಂದಲ, ಏಕೆಂದರೆ ಸುಣ್ಣಕಲ್ಲಿಗಿಂತ ಆ ಜೇಡಿಯೇ ಹೆಚ್ಚು ರೇಡಾನ್ ಬಿಡುತ್ತದೆ. ಜಾಡಿ ಪ್ರಯೋಗದಲ್ಲಿ ಕಲ್ಲು ಒಡೆದು ಹೊಸ ಮೈ ತೆರೆದಿರುತ್ತೀರಿ, ಅದು ಮೇಲಿನ ಮಿತಿಯನ್ನಷ್ಟೇ ಕೊಡುತ್ತದೆ.

ಹಾಗಾಗಿ ಎರಡು ಮೌಲ್ಯ ಇಟ್ಟುಕೊಳ್ಳಿ. ಒಂದು ಮೇ ತಿಂಗಳ ಅದೇ ಬೋರಿನದು. ಇನ್ನೊಂದು ಆಗಸ್ಟಿನಲ್ಲಿ ಖಣಿಗಿಂತ ಎತ್ತರದಲ್ಲಿರುವ, ಅದೇ ಸಂದಿನಿಂದ ನೀರು ಪಡೆಯುವ ಬೋರಿನದು. ಎರಡರಿಂದಲೂ ದಿನ ಲೆಕ್ಕ ಹಾಕಿ, ಬರುವ ಎರಡು ಅಂಕಿಗಳ ನಡುವಿನ ವ್ಯಾಪ್ತಿಯನ್ನೇ (ಇಷ್ಟರಿಂದ ಇಷ್ಟು ದಿನ ಎಂದು) ನಿಮ್ಮ ಉತ್ತರವಾಗಿ ಬರೆಯಿರಿ.

ನನ್ನ ಮುಖ್ಯ ಮಾತು ಕಾರ್ಬನ್ ಡೈಆಕ್ಸೈಡ್ ಬಗ್ಗೆ. ರೇಡಾನ್ ಜೊತೆ ಅದನ್ನು ಅಳೆಯದಿದ್ದರೆ ಸುಣ್ಣಕಲ್ಲಿನಲ್ಲಿ ಅರ್ಧ ಕಥೆ ಮಾತ್ರ ಗೊತ್ತಾಗುತ್ತದೆ. ಎರಡೂ ಮಣ್ಣಿನಲ್ಲಿ ಹೇರಳ, ಎರಡೂ ಗಾಳಿ ಸಿಕ್ಕಲ್ಲಿ ಹಾರುತ್ತವೆ. ಆದರೆ ರೇಡಾನ್ ಕೊಳೆಯುತ್ತದೆ, ಕಾರ್ಬನ್ ಡೈಆಕ್ಸೈಡ್ ಕೊಳೆಯುವುದಿಲ್ಲ, ಕಲ್ಲು ಕರಗಿಸಿ ಸ್ವಲ್ಪ ಖರ್ಚಾಗುತ್ತದೆ ಅಷ್ಟೆ. ಮಳೆಯ ನಂತರ ಒರತೆಯಲ್ಲಿ ಎರಡೂ ಒಟ್ಟಿಗೆ ಏರಿದರೆ ಮಣ್ಣಿನಲ್ಲಿ ಕೂತಿದ್ದ ನೀರು ತಳ್ಳಿಕೊಂಡು ಬಂತೆಂದು ಅರ್ಥ. ಎರಡೂ ಇಳಿದು ಇಸಿಯೂ ಇಳಿದರೆ ಖಣಿ ಅಥವಾ ಹಳ್ಳದ ನೀರು ನೇರವಾಗಿ ನುಗ್ಗಿದೆ. ಕಾರ್ಬನ್ ಡೈಆಕ್ಸೈಡ್ ಹೆಚ್ಚಿದ್ದು ರೇಡಾನ್ ಮಾತ್ರ ಕಡಿಮೆಯಿದ್ದರೆ, ಅನಿಲ ಹಾರಿಹೋಗಿಲ್ಲ, ನೀರು ಅಗಲವಾದ ನಾಳದಲ್ಲಿ ಹೊತ್ತು ಕಳೆದಿದೆ ಎಂದು ಸಂಶಯಪಡಬೇಕು. ಸ್ವಿಟ್ಜರ್ಲೆಂಡಿನ ಜೂರಾ ಪ್ರದೇಶದ ಮಿಲಾಂಡ್ರ್ ಗುಹೆಯಲ್ಲಿ ಹರಿಯುವ ನೆಲದಡಿಯ ತೊರೆಯಲ್ಲಿ ಈ ಜೋಡಿಯನ್ನು ಹೀಗೆಯೇ ಒಟ್ಟಿಗೆ ಅಳೆದು ಮಣ್ಣಿನ ನೀರಿನ ಬರವನ್ನು ಗುರುತಿಸಿದ್ದಾರೆ.

ನಿಮ್ಮಲ್ಲಿ ಎರೆ ಮಣ್ಣಿರುವುದರಿಂದ ಒಂದು ತಿರುವು ಇದೆ. ಜೂನಿನ ಮೊದಲ ಮಳೆಗಳು ಬಿರುಕುಗಳ ಮೂಲಕ ಮಣ್ಣನ್ನು ಹೆಚ್ಚು ಮುಟ್ಟದೆ ಕೆಳಗಿಳಿಯುತ್ತವೆ, ಎರಡೂ ಅನಿಲ ಕಡಿಮೆ. ಜುಲೈ ಹೊತ್ತಿಗೆ ಮಣ್ಣು ಊದಿ ಬಿರುಕು ಮುಚ್ಚಿ, ಅನಿಲ ಹೊರಗೆ ಹೋಗದೆ ಮಣ್ಣಿನೊಳಗೇ ಕಟ್ಟಿಕೊಳ್ಳುತ್ತದೆ. ಆಗ ಇಳಿಯುವ ನೀರು ಕಡಿಮೆ, ಅದರ ಅನಿಲ ಹೆಚ್ಚು. ಜೂನಿನ ಕಡಿಮೆ ಅಂಕಿಯನ್ನು ಖಣಿಯ ನೀರು ಎಂದು ಓದಿಬಿಡುವ ಅಪಾಯ ಇಲ್ಲೇ ಇರುವುದು. ಜೂನಿನಲ್ಲಿ ಖಣಿ ಖಾಲಿಯಿದ್ದರೆ ಆ ತಿಂಗಳು ನಿಮಗೆ ಒಳ್ಳೆಯ ಹೋಲಿಕೆ: ಖಣಿಯಿಲ್ಲದೆಯೂ ಅಂಕಿ ಎಷ್ಟು ಇಳಿಯುತ್ತದೆ ಎಂದು ತೋರಿಸುತ್ತದೆ.

ಅಳೆಯಲು ದುಬಾರಿ ಸಾಧನ ಬೇಕಿಲ್ಲ. ಪಿಎಚ್ ಮತ್ತು ಕ್ಷಾರೀಯತೆಯಿಂದ ಲೆಕ್ಕ ಹಾಕಬಹುದು, 25 ಡಿಗ್ರಿಗೆ:

ಕಾರ್ಬನ್ ಡೈಆಕ್ಸೈಡ್ ಒತ್ತಡದ ದಶಮಾನ ಲಾಗ್ = ಬೈಕಾರ್ಬೊನೇಟಿನ ಲಾಗ್ (ಲೀಟರಿಗೆ ಮೋಲ್) − ಪಿಎಚ್ + 7.82

ಲೀಟರಿಗೆ 305 ಮಿ.ಗ್ರಾಂ. ಬೈಕಾರ್ಬೊನೇಟ್ ಅಂದರೆ 0.005 ಮೋಲ್. ಪಿಎಚ್ 7.0 ಇದ್ದರೆ ಲಾಗ್ −1.48, ಒತ್ತಡ 0.033 ವಾಯುಮಾನ, ಅಂದರೆ ಹೊರಗಿನ ಗಾಳಿಗಿಂತ ಸುಮಾರು 80 ಪಟ್ಟು. ಪಿಎಚ್ 0.1 ತಪ್ಪಿದರೆ ಒತ್ತಡ 26% ತಪ್ಪುತ್ತದೆ. ಅದಕ್ಕೇ ಪಿಎಚ್ ಅನ್ನು ತೆರೆದ ಲೋಟದಲ್ಲಿ ಅಳೆಯಬಾರದು, ಗಾಳಿ ತಾಗದ ಹರಿವಿನ ಸೆಲ್ಲಿನಲ್ಲಿ ಅಳೆಯಬೇಕು. ಎಲೆಕ್ಟ್ರೋಡನ್ನು ಆ ನೀರಿನ ಉಷ್ಣತೆಗೇ ತಂದ 4 ಮತ್ತು 7ರ ಬಫರಿನಲ್ಲಿ ಹೊಂದಿಸಿಕೊಳ್ಳಿ. ಕ್ಷಾರೀಯತೆಯನ್ನು ಜಾಗದಲ್ಲೇ ಟೈಟ್ರೇಟ್ ಮಾಡಿ: 100 ಮಿ.ಲೀ. ನೀರು, 0.02 ನಾರ್ಮಲ್ ಸಲ್ಫ್ಯೂರಿಕ್ ಆಮ್ಲ, ಪಿಎಚ್ 4.5ರವರೆಗೆ. ಖರ್ಚಾದ ಮಿ.ಲೀ. ಗುಣಿಸು 10 ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ ಮಿ.ಗ್ರಾಂ., ಮತ್ತೆ 1.22ರಿಂದ ಗುಣಿಸಿದರೆ ಬೈಕಾರ್ಬೊನೇಟ್. ಬಾಟಲಿಯನ್ನು ಊರಿಗೆ ಒಯ್ದು ಮರುದಿನ ಮಾಡಿದರೆ ಅನಿಲ ಹೋಗಿ, ಪಿಎಚ್ ಏರಿ, ಗೋಡೆಗೆ ಸುಣ್ಣ ಕಟ್ಟಿ, ಕ್ಷಾರೀಯತೆಯೂ ಇಳಿದಿರುತ್ತದೆ. ಬಾಟಲಿಯ ಒಳಗೆ ಬಿಳಿ ಪೊರೆ ಕಂಡರೆ ಆ ಮಾದರಿ ಬಿಟ್ಟುಬಿಡಿ.

ಒರತೆಯಲ್ಲಿ ಬಿಟ್ಟುಬರುವ ಸೆನ್ಸರ್ ಕೊಳ್ಳುವುದಾದರೆ ಕೊಠಡಿ ಗಾಳಿಗೆಂದು ಮಾರುವ 5,000 ಪಿಪಿಎಂ ಮಿತಿಯದು ಬೇಡ. ಮೇಲಿನ ಉದಾಹರಣೆಯೇ 33,000 ಪಿಪಿಎಂ. ಕನಿಷ್ಠ 10% ಮಿತಿಯ ಇನ್ಫ್ರಾರೆಡ್ ಸೆನ್ಸರ್, ಸುತ್ತ ಟೆಫ್ಲಾನ್ ಪೊರೆ. ಮಳೆ ಬಿದ್ದ ಮೊದಲ ಅರ್ಧ ದಿನ ಎರಡು ಗಂಟೆಗೊಮ್ಮೆ, ಆಮೇಲೆ ಆರು ಗಂಟೆಗೊಮ್ಮೆ ರೇಡಾನ್ ಬಾಟಲಿ ತುಂಬಿದರೆ ಏರಿಳಿತ ಹಿಡಿಯಬಹುದು. ಒರತೆಯ ನೀರು ಕಲ್ಲಿನಿಂದ ಹೊರಬರುವ ಬಾಯಲ್ಲೇ ನಳಿಕೆ ತೂರಿಸಿ ತುಂಬಿ, ಕೆಳಗೆ ಹೊಂಡವಾದಲ್ಲಿ ಅಲ್ಲ. ಎರಡು ಮೀಟರ್ ಕಲ್ಲಿನ ಮೇಲೆ ತೆಳ್ಳಗೆ ಹರಿದ ನೀರು ಆಗಲೇ ಅನಿಲ ಕಳೆದುಕೊಂಡಿರುತ್ತದೆ.

ಮಂದಗತಿ:

ಉಳಿದ ಪ್ರಶ್ನೆ ಆ ನಾಲ್ಕೈದು ದುಬಾರಿ ಮಾದರಿಗಳದು. ಸಿಎಫ್‌ಸಿ, ಎಸ್‌ಎಫ್6 ಎರಡೂ ವರ್ಷ–ದಶಕಗಳ ಗಡಿಯಾರ. ಖಣಿಯಿಂದ ಬೋರಿಗೆ ವಾರದೊಳಗೆ ಬರುವ ನೀರಿಗೆ ಅವು "ಇವತ್ತಿನದು" ಎನ್ನುವುದನ್ನು ಬಿಟ್ಟು ಏನೂ ಹೇಳವು. ಹಾಗಾಗಿ ಅವನ್ನು ಖಣಿಯ ಪಕ್ಕದ ಬೋರಿಗೆ ಖರ್ಚು ಮಾಡಬೇಡಿ. ಮೇ ತಿಂಗಳಲ್ಲಿ, ರೇಡಾನ್ "15 ದಿನಕ್ಕಿಂತ ಹೆಚ್ಚು" ಎಂದು ಕೈಚೆಲ್ಲಿದ ದೂರದ ಎರಡು ಬೋರಿಗೆ ಮತ್ತು ಒರತೆಗೆ ಇಡಿ. ಬೆರಕೆಯ ಲೆಕ್ಕದಲ್ಲಿ "ಹಳೆಯ ಪಾಲು" ಎಂದು ಕರೆದದ್ದು ಎಷ್ಟು ಹಳೆಯದು ಎಂಬುದಕ್ಕೆ ಅದೇ ಆಧಾರ ಆಗುತ್ತದೆ.

ಎರಡರಲ್ಲಿ ಒಂದನ್ನೇ ಆರಿಸುವುದಾದರೆ ಎಸ್‌ಎಫ್6 ಎನ್ನುತ್ತೇನೆ, ಕೆಲವು ಷರತ್ತಿನ ಮೇಲೆ. 1987ರ ಮಾಂಟ್ರಿಯಲ್ ಒಪ್ಪಂದದ ನಂತರ ಗಾಳಿಯಲ್ಲಿ ಸಿಎಫ್‌ಸಿ-11 1990ರ ದಶಕದಲ್ಲಿ, ಸಿಎಫ್‌ಸಿ-12 2000ದ ಆಸುಪಾಸಿನಲ್ಲಿ ಶಿಖರ ಮುಟ್ಟಿ ಇಳಿಯತೊಡಗಿದವು. ಒಂದೇ ಅಂಕಿಗೆ ಎರಡು ವರ್ಷ ಹೊಂದುತ್ತವೆ. ಆಕ್ಸಿಜನ್ ಇಲ್ಲದ ನೀರಿನಲ್ಲಿ ಸಿಎಫ್‌ಸಿ-11 ಒಡೆದುಹೋಗಿ ನೀರು ಇಲ್ಲದಷ್ಟು ಹಳೆಯದಾಗಿ ಕಾಣುತ್ತದೆ. ಎಸ್‌ಎಫ್6 ಇನ್ನೂ ಏರುತ್ತಲೇ ಇದೆ, ಒಡೆಯುವುದಿಲ್ಲ.

ಷರತ್ತುಗಳು ಇವು. ಸುಣ್ಣಕಲ್ಲಿನಲ್ಲಿ ನೀರಿನ ಮಟ್ಟ ಮಳೆಗೆ ಮೀಟರುಗಟ್ಟಲೆ ಏರುವಾಗ ಸಂದುಗಳಲ್ಲಿದ್ದ ಗಾಳಿ ಗುಳ್ಳೆಯಾಗಿ ಸಿಕ್ಕಿ ಕರಗುತ್ತದೆ. ಎಸ್‌ಎಫ್6 ನೀರಿನಲ್ಲಿ ಅತಿ ಕಡಿಮೆ ಕರಗುವ ಅನಿಲ, ಆದ್ದರಿಂದ ಈ ಹೆಚ್ಚುವರಿ ಗಾಳಿಯ ಹೊಡೆತ ಸಿಎಫ್‌ಸಿಗಿಂತ ಅದಕ್ಕೇ ಜೋರು, ನೀರು ಎಳೆಯದಾಗಿ ಕಾಣುತ್ತದೆ. ನಿಯಾನ್ ಅಥವಾ ನೈಟ್ರೋಜನ್–ಆರ್ಗಾನ್ ಅಳತೆ ಜೊತೆಗಿದ್ದರೆ ಮಾತ್ರ ತಿದ್ದಬಹುದು. ತೊಗರಿ ಹೊಲಗಳ ಕೆಳಗಿನ ನೀರಿನಲ್ಲಿ ನೈಟ್ರೇಟ್ ಒಡೆದು ನೈಟ್ರೋಜನ್ ಹೆಚ್ಚಿರಬಹುದು, ಆಗ ನೈಟ್ರೋಜನ್–ಆರ್ಗಾನ್ ದಾರಿ ತಪ್ಪಿಸುತ್ತದೆ, ನಿಯಾನೇ ಬೇಕು. ಇನ್ನು ವಿದ್ಯುತ್ ಉಪಕೇಂದ್ರಗಳ ಬ್ರೇಕರುಗಳಲ್ಲಿ ಎಸ್‌ಎಫ್6 ಇರುತ್ತದೆ. ಸೇಡಂ, ವಾಡಿ, ಮಳಖೇಡ ಸುತ್ತ ಸಿಮೆಂಟ್ ಕಾರ್ಖಾನೆಗಳೂ ಅವುಗಳ ಉಪಕೇಂದ್ರಗಳೂ ಇರುವಾಗ ಅಲ್ಲಿನ ಗಾಳಿ ಜಗತ್ತಿನ ಸರಾಸರಿಯಷ್ಟೇ ಎಂದುಕೊಳ್ಳಬಾರದು. ಐದರಲ್ಲಿ ಒಂದು ಮಾದರಿಯನ್ನು ಸ್ಥಳೀಯ ಗಾಳಿಗೆ ಕೊಡಿ. ಗ್ರಾನೈಟಿನ ಖನಿಜಗಳಿಂದಲೂ ಎಸ್‌ಎಫ್6 ಬರುತ್ತದೆ, ಆದ್ದರಿಂದ ಸುಣ್ಣಕಲ್ಲು ದಾಟಿ ಇಳಿದ ಬೋರನ್ನು ಇದಕ್ಕೆ ಆರಿಸಬೇಡಿ.

ತುಂಬುವುದು ರೇಡಾನಿನಂತೆಯೇ, ನೀರಿನಡಿ, ಆದರೆ ಒಂದು ಲೀಟರ್ ಗಾಜಿನ ಬಾಟಲಿ, ಎರಡು ಲೀಟರಿಗಿಂತ ಹೆಚ್ಚು ಉಕ್ಕಿಸಿ. ಸಿಎಫ್‌ಸಿ ಆದರೆ ಲೋಹದ ಹಾಳೆ ಒಳಪದರದ ಮುಚ್ಚಳ, ತಾಮ್ರ ಅಥವಾ ನೈಲಾನ್ ನಳಿಕೆ. ರಬ್ಬರ್ ನಳಿಕೆ, ಪಿವಿಸಿ ಅಂಟು, ಪಂಪಿನ ಗ್ರೀಸ್ ಎಲ್ಲವೂ ಸಿಎಫ್‌ಸಿ ಹೀರಿ ಬಿಡುತ್ತವೆ. ಹೊಸದಾಗಿ ಪೈಪ್ ಅಂಟಿಸಿದ ಬೋರನ್ನು ಮುಟ್ಟಬೇಡಿ.

ಹೀಲಿಯಂ ಬಗ್ಗೆ ಯಾರಾದರೂ ಸಲಹೆ ಕೊಟ್ಟರೆ ಒಂದು ಎಚ್ಚರ. ನೀರಿನ ವಯಸ್ಸು ಅಳೆಯಲು ಟ್ರೀಟಿಯಂ (ವಿಕಿರಣಶೀಲ ಹೈಡ್ರೋಜನ್)–ಹೀಲಿಯಂ ಒಳ್ಳೆಯ ವಿಧಾನವೇ, ಆದರೆ ಯುರೇನಿಯಂ ಇರುವ ಕಲ್ಲಿಗೆ ಹತ್ತಿರ ಹೋದಂತೆ ಹೀಲಿಯಂ-4 ನೀರಿನ ವಯಸ್ಸನ್ನಲ್ಲ, ಕಲ್ಲಿನ ಯುರೇನಿಯಂ ಅನ್ನು ಹೇಳತೊಡಗುತ್ತದೆ.

ಫರಸಿಪದರ:

ತುಂಬಾ ಸಹಾಯ ಆಯಿತು. ಕೊನೆಯದೊಂದು: ಖಣಿಗೆ ನಾವೇ ಎಸ್‌ಎಫ್6 ಅಥವಾ ಹೀಲಿಯಂ ಬಿಟ್ಟು ಬೋರಿನಲ್ಲಿ ಹಿಡಿಯಬಾರದೇ? ನೇರ ಉತ್ತರ ಸಿಗುತ್ತದಲ್ಲ.

ಮಂದಗತಿ:

ತೆರೆದ ಹೊಂಡಕ್ಕೆ ಬಿಟ್ಟ ಅನಿಲ ಬಹುಪಾಲು ಗಾಳಿಗೇ ಹೋಗುತ್ತದೆ. ಬಿಟ್ಟ ಪ್ರಮಾಣದಲ್ಲಿ ಎಷ್ಟು ಕೆಳಗಿಳಿಯಿತು ಎಂದು ಗೊತ್ತಾಗದೆ ಪಾಲಿನ ಲೆಕ್ಕ ಬರುವುದಿಲ್ಲ. ಎಸ್‌ಎಫ್6 ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್‌ನ 20 ಸಾವಿರ ಕಿಲೋಗೂ ಹೆಚ್ಚು ಬಿಸಿ ಕೂಡಿಸುವ ಅನಿಲ. ಅದಿರಲಿ, ಒಮ್ಮೆ ಬಿಟ್ಟರೆ ಆ ಸುತ್ತಿನಲ್ಲಿ ಮುಂದೆ ಯಾರೂ ಎಸ್‌ಎಫ್6 ವಯಸ್ಸು ಅಳೆಯುವಂತಿಲ್ಲ. ನಿಮ್ಮದೇ ಮೇ ಮಾದರಿಗಳೂ ಹಾಳು.

ನೇರ ಉತ್ತರವೇ ಬೇಕಿದ್ದರೆ ಯುರಾನಿನ್ ಎಂಬ ಹೊಳೆಯುವ ಬಣ್ಣ ಬಳಸಿ. ಇಡೀ ಹೊಂಡಕ್ಕೆ ಸುರಿದರೆ ಬಿಸಿಲಿಗೆ ಮಾಸುತ್ತದೆ. ಖಣಿಯ ಗೋಡೆ ಅಥವಾ ತಳದಲ್ಲಿ ನೀರು ಇಂಗುವ ಸಂದು ಹುಡುಕಿ, ಬಕೆಟ್ ನೀರಿನಲ್ಲಿ ಕರಗಿಸಿದ 50–100 ಗ್ರಾಂ ಬಣ್ಣವನ್ನು ಸಂಜೆ ಹೊತ್ತು ಅಲ್ಲೇ ಇಳಿಸಿ. ಬೋರುಗಳ ಹೊರಹರಿವಿನಲ್ಲಿ, ಒರತೆಯಲ್ಲಿ ಸಕ್ರಿಯ ಇದ್ದಿಲಿನ ಚೀಲ ಕಟ್ಟಿ. ಮೊದಲ ವಾರ ದಿನಕ್ಕೊಂದು ಬದಲಿಸಿ, ಆಮೇಲೆ ಮೂರು ದಿನಕ್ಕೊಂದು. ಬಣ್ಣ ಇಳಿಸುವ ಮುಂಚಿನ ವಾರದ ಚೀಲಗಳನ್ನೂ ಕಡ್ಡಾಯ ಇಟ್ಟುಕೊಳ್ಳಿ, ಇಲ್ಲದಿದ್ದರೆ ಹಿನ್ನೆಲೆಯ ಹೊಳಪು ಎಷ್ಟಿತ್ತೆಂದು ಗೊತ್ತಾಗದು. ಇದ್ದಿಲು ತುಂಬುವ ಕೈ, ಬಣ್ಣ ಕಲಸುವ ಕೈ ಬೇರೆಬೇರೆಯವರದಾಗಿರಲಿ. ಗ್ರಾಮ ಪಂಚಾಯಿತಿಗೆ ಲಿಖಿತವಾಗಿ ಮೊದಲೇ ತಿಳಿಸಿ.

ಕಾಗಿಣಾದಂಡೆ:

ಪಂಚಾಯಿತಿಗಷ್ಟೇ ಅಲ್ರಿ, ಬೋರಿನ ಮಾಲಕರಿಗೂ ಹೇಳ್ರಿ. ಮತ್ತ ಬಣ್ಣ ಬಿಡೋ ವಾರ, ರೇಡಾನ್ ಅಳೆಯೋ ವಾರ ಒಂದ ಇಟ್ಕೋರಿ. ಬಣ್ಣ ಐದು ದಿನಕ್ಕ ಬಂದ ಬೋರಿನಾಗ ರೇಡಾನ್ ಲೆಕ್ಕಾನೂ ಐದರ ಹತ್ರ ಬಂದ್ರ, ಒರತೆ ಅವರು ಎತ್ತಿದ ಸೀಳಿನ ಅಗಲದ ತಕರಾರು ಆ ಬೋರಿನ ಮಟ್ಟಿಗೆ ಮುಗೀತದ. ಬಣ್ಣ ಎರಡ ದಿನಕ್ಕ ಬಂದು ರೇಡಾನ್ ಎಂಟು ದಿನ ಅಂದ್ರ, ಹಳೆ ನೀರಿನ ಪಾಲು ನೀವು ಕಡಿಮಿ ಹಿಡಿದೀರಿ, ಇಲ್ಲಾ ಸಮತೋಲದ ಅಂಕಿ ಆ ಸಂದಿಗಿರೋದಕ್ಕಿಂತ ಕಡಿಮಿ ಇಟ್ಕೊಂಡೀರಿ. ಮೊದಲ ಆಕ್ಸಿಜನ್-18ರಿಂದ ಪಾಲು ಮತ್ತೊಮ್ಮೆ ತೆಗೀರಿ, ಆಮ್ಯಾಲ ಸಮತೋಲಕ್ಕ ಕೈ ಹಚ್ಚರಿ.